ಹಲಗೆ ನೆಲವನ್ನು ಗೀರು ಬೀಳದಂತೆ ಒರೆಸುವುದು ಹೇಗೆ?

ಹಾನುಬಾಳಿನಿಂದ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸಕಲೇಶಪುರ ತಾಲ್ಲೂಕಿನ ಹಾನುಬಾಳಿನ ಹತ್ತಿರ, ನಮ್ಮ ಮಾವನವರ ತಂದೆ ಕಟ್ಟಿಸಿದ ಮನೆಯಲ್ಲಿ ನಾವು ವಾಸವಾಗಿದ್ದೇವೆ. ಕೆಳಗಿನದು ರೆಡ್ ಆಕ್ಸೈಡ್ ನೆಲ. ಮಹಡಿಯದು ಪೂರ್ತಿ ಹಲಗೆಯದು. ರಸ್ತೆ ಕಡೆಯ ದೊಡ್ಡ ಕೋಣೆಯಲ್ಲಿ ಸಾಗುವಾನಿ, ಒಳಗಿನ ಎರಡು ಕೋಣೆಗಳಲ್ಲಿ ಹೊನ್ನೆ. ಕಳೆದ ಏಪ್ರಿಲ್‌ನಲ್ಲಿ ಹಳೆಯ ಪಾಲಿಶನ್ನೆಲ್ಲ ಯಂತ್ರದಿಂದ ಉಜ್ಜಿಸಿ ತೆಗೆಸಿ, ಪಿಯು (ಪಾಲಿಯುರೆಥೇನ್ ಎಂಬ ಪಾರದರ್ಶಕ ಲೇಪ) ಮೂರು ಕೋಟ್ ಹೊಡೆಸಿದೆವು. ಕೆಲಸ ಮುಗಿದಾಗ ಕಿಟಕಿಯ ಸರಳುಗಳೆಲ್ಲ ನೆಲದಲ್ಲಿ ಕನ್ನಡಿಯಲ್ಲಿ ಕಂಡಂತೆ ಕಾಣುತ್ತಿದ್ದವು.

ಮಳೆಗಾಲ ಮುಗಿಯುವಷ್ಟರಲ್ಲಿ ಆ ಹೊಳಪು ಮಂಕಾಗಿಬಿಟ್ಟಿದೆ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ನೋಡಿದರೆ ಕೂದಲೆಳೆಯಷ್ಟು ಸಣ್ಣ ಗೀರುಗಳು ನೂರಾರು ಕಾಣುತ್ತವೆ. ಅವು ನೇರವಾಗಿಲ್ಲ, ಕುಡುಗೋಲಿನ ಹಾಗೆ ಬಾಗಿವೆ. ನಾವು ಮೇಜು ಕುರ್ಚಿ ಎಳೆದಾಡುವವರಲ್ಲ, ಮಹಡಿಗೆ ಚಪ್ಪಲಿ ಹಾಕಿಕೊಂಡು ಹೋಗುವವರೂ ಅಲ್ಲ. ದಿನಕ್ಕೆ ಎರಡು ಹೊತ್ತು ಒದ್ದೆ ಬಟ್ಟೆಯಿಂದ ಒರೆಸುತ್ತೇವೆ, ಅದಕ್ಕಿಂತ ಹೆಚ್ಚಿಗೆ ಏನನ್ನೂ ಮಾಡಿಲ್ಲ. ವಿನೆಗರ್ ಹಾಕಿದ ನೀರು ಒಳ್ಳೆಯದೆಂದು ಕೆಲವರು ಹೇಳುತ್ತಾರೆ. ಹಾಸನದ ಅಂಗಡಿಯೊಂದರಲ್ಲಿ ಹಬೆಯ ಮಾಪ್ ತೆಗೆದುಕೊಳ್ಳಿ ಎಂದು ಒತ್ತಾಯಿಸಿದರು. ಯಾವ ಬಟ್ಟೆ, ಯಾವ ದ್ರವ, ಎಷ್ಟು ನೀರು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು. ಇನ್ನೊಮ್ಮೆ ನೆಲವನ್ನು ಉಜ್ಜಿಸುವ ಶಕ್ತಿ ನಮಗಿಲ್ಲ.

ಹಾಸನದಿಂದ

ನಮ್ಮ ಫ್ಲ್ಯಾಟಿನಲ್ಲಿಯೂ ಮರದ ನೆಲವೇ ಇದೆ. ಅರ್ಧ ಬಕೆಟ್ ಉಗುರುಬೆಚ್ಚಗಿನ ನೀರಿಗೆ ಕಾಲು ಲೋಟ ವಿನೆಗರ್, ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಮೂರು ವರ್ಷಗಳಿಂದ ಒರೆಸುತ್ತಿದ್ದೇವೆ. ಒಂದು ಗೀರೂ ಬಿದ್ದಿಲ್ಲ, ಹೊಳಪೂ ಹೋಗಿಲ್ಲ. ತಾವೂ ಇದನ್ನು ಮಾಡಿ ನೋಡಬಹುದು. ನನ್ನ ಅನಿಸಿಕೆಯಲ್ಲಿ ತಮ್ಮ ಮನೆಯ ಪಾಲಿಶ್ ಕೆಲಸವೇ ಸರಿಯಾಗಿಲ್ಲ.

ಮೂಡಿಗೆರೆಯಿಂದ

ನಾನು ಮರಗೆಲಸದವನು, ಮೂವತ್ತು ವರ್ಷಗಳಿಂದ ತೋಟದ ಬಂಗಲೆಗಳ, ಹಳೆಯ ಮನೆಗಳ ಹಲಗೆ ನೆಲಗಳನ್ನು ದುರಸ್ತಿ ಮಾಡುತ್ತ ಬಂದಿದ್ದೇನೆ. ಪಾಲಿಶ್ ಮಾಡಿದವರನ್ನು ದೂರುವ ಮೊದಲು ಗೀರುಗಳ ಆಕಾರವನ್ನು ನೋಡಬೇಕು. ಅವು ಕುಡುಗೋಲಿನ ಹಾಗೆ ಬಾಗಿವೆ ಎಂದು ತಾವೇ ಬರೆದಿದ್ದೀರಿ. ಕುಕ್ಕರುಗಾಲಿನಲ್ಲಿ ಕುಳಿತು ಬಟ್ಟೆಯನ್ನು ಎಡದಿಂದ ಬಲಕ್ಕೆ ಎಳೆದಾಗ ಕೈ ಸಾಗುವ ದಾರಿಯೂ ಹಾಗೆಯೇ ಬಾಗಿರುತ್ತದೆ. ಒಂದು ಗೀರನ್ನು ಅಳೆದು ನೋಡಿ. ಅದರ ಉದ್ದ ಒಂದು ತೋಳಿನ ಬೀಸಿಗೆ ಸರಿಹೊಂದಿದರೆ ಅದನ್ನು ಮಾಡಿದ್ದು ಒರೆಸುವ ಬಟ್ಟೆ ಎಂದೇ ಅರ್ಥ.

ಬಟ್ಟೆ ಮೃದುವಾಗಿಯೇ ಇರುತ್ತದೆ, ಗೀರುವುದು ಅದರಡಿ ಸಿಕ್ಕಿಕೊಂಡ ಮರಳು. ನಮ್ಮ ಕೆಂಪು ಮಣ್ಣನ್ನು ಬೆರಳಿನಲ್ಲಿ ಉಜ್ಜಿದರೆ ನುಣ್ಣಗೆನಿಸುತ್ತದೆ, ಆದರೆ ನೀರಿನಲ್ಲಿ ಕದಡಿ ಬಿಟ್ಟರೆ ತಳದಲ್ಲಿ ಸಣ್ಣ ಹರಳುಗಳು ಉಳಿಯುತ್ತವೆ. ಅದು ಬೆಣಚುಕಲ್ಲಿನ ಪುಡಿ. ಖನಿಜಗಳ ಗಟ್ಟಿತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಬೆಣಚಿಗೆ 7 ಅಂಕ, ಕಿಟಕಿಯ ಗಾಜಿಗೆ ಸುಮಾರು 5.5. ಗಾಜನ್ನೇ ಗೀರಬಲ್ಲ ಹರಳಿಗೆ ಪಿಯು ಪದರ ಯಾವ ಲೆಕ್ಕ? ಎಷ್ಟೇ ಒಳ್ಳೆಯ ಕಂಪನಿಯದಾಗಿದ್ದರೂ ಅದು ಒಂದು ಪ್ಲಾಸ್ಟಿಕ್ ಪೊರೆ. ಬೀಟೆಮರ ಸಾಗುವಾನಿಗಿಂತ ಎಷ್ಟೋ ಗಟ್ಟಿ ಎಂಬುದು ನಿಜವಾದರೂ, ಬೀಟೆಯ ನೆಲಕ್ಕೆ ಪಿಯು ಹೊಡೆದರೂ ಗೀರು ಇಷ್ಟೇ ಸುಲಭವಾಗಿ ಬೀಳುತ್ತದೆ, ಏಕೆಂದರೆ ಗೀರು ಬೀಳುವುದು ಮರಕ್ಕಲ್ಲ, ಮೇಲಿನ ಪೊರೆಗೆ.

ಇದರಿಂದಾಗಿ ದ್ರವ ಯಾವುದೆಂದು ಕೇಳುವ ಮುನ್ನ ಒಣಧೂಳನ್ನು ಪೂರ್ತಿಯಾಗಿ ತೆಗೆಯುತ್ತಿದ್ದೇವೆಯೇ ಎಂದು ಕೇಳಿಕೊಳ್ಳಬೇಕು. ಮರಳಿರುವ ನೆಲದ ಮೇಲೆ ನೀರು ಬಿದ್ದೊಡನೆ ಜೇಡಿ ಕರಗಿ ಬಕೆಟ್ಟಿಗೆ ಬರುತ್ತದೆ, ಹರಳು ಮಾತ್ರ ಬಟ್ಟೆಯ ನೂಲುಗಳ ನಡುವೆ ಕೂತುಬಿಡುತ್ತದೆ. ಆ ಮೇಲೆ ನಾವು ಎಳೆಯುತ್ತಿರುವುದು ಬಟ್ಟೆಯನ್ನಲ್ಲ, ಒದ್ದೆ ಮರಳು ಕಾಗದವನ್ನು. ದಿನಕ್ಕೆ ಎರಡು ಬಾರಿ ಒರೆಸಿದರೆ ಎರಡು ಬಾರಿ ಉಜ್ಜಿದಂತಾಗುತ್ತದೆ. ಶುಚಿಯ ಬಗ್ಗೆ ಹೆಚ್ಚು ಕಾಳಜಿ ಇರುವ ಮನೆಗಳ ನೆಲವೇ ಬೇಗ ಮಂಕಾಗುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ.

ನಾನು ಎಲ್ಲರಿಗೂ ಹೇಳುವ ಕ್ರಮ ಇದು. ಮೊದಲು ಧೂಳೆಳೆಯುವ ಯಂತ್ರ, ಇಲ್ಲದಿದ್ದರೆ ಮೃದುವಾದ ಹುಲ್ಲಿನ ಪೊರಕೆ. ಅದರ ಮೇಲೆ ಒಣ ಮೈಕ್ರೋಫೈಬರ್ ಬಟ್ಟೆಯ ಚಪ್ಪಟೆ ಮಾಪ್, ಹಲಗೆಯ ಉದ್ದಕ್ಕೆ, ಒಂದೇ ದಿಕ್ಕಿನಲ್ಲಿ, ನೆಲದಿಂದ ಎತ್ತದೆ. ಒದ್ದೆ ಒರೆಸುವಿಕೆ ವಾರಕ್ಕೊಮ್ಮೆ ಸಾಕು, ಮಳೆಗಾಲದಲ್ಲಿ ಎರಡು ಸಲವಾಗಬಹುದು. ಆಗಲೂ ಬಟ್ಟೆಯನ್ನು ಒಂದು ಹನಿಯೂ ತೊಟ್ಟಿಕ್ಕದಂತೆ ಹಿಂಡಿರಬೇಕು; ಒರೆಸಿದ ಜಾಗ ಒಂದೆರಡು ನಿಮಿಷದಲ್ಲಿ ತಾನಾಗಿ ಆರಬೇಕು. ಆರದಿದ್ದರೆ ನೀರು ಹೆಚ್ಚಾಯಿತೆಂದು ತಿಳಿಯಿರಿ. ಹಲಗೆಯ ಎಳೆಯ ದಿಕ್ಕಿನಲ್ಲಿಯೇ ಒರೆಸುವುದಕ್ಕೂ ಕಾರಣವಿದೆ. ಎಚ್ಚರ ತಪ್ಪಿ ಗೀರು ಬಿದ್ದರೂ ಅದು ಎಳೆಯೊಳಗೆ ಕಾಣದಂತೆ ಸೇರಿಹೋಗುತ್ತದೆ, ಅಡ್ಡಕ್ಕೆ ಬಿದ್ದ ಗೀರು ಮಾತ್ರ ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ.

ಹಾನುಬಾಳಿನಿಂದ

ತಾವು ಹೇಳಿದ್ದನ್ನು ಓದಿದ ರಾತ್ರಿಯೇ ಮೊಬೈಲಿನ ಟಾರ್ಚನ್ನು ನೆಲಕ್ಕೆ ಒತ್ತಿ ಓರೆಯಾಗಿ ಹಿಡಿದು ನೋಡಿದೆ. ಗೀರುಗಳು ಸುಮಾರು ಎರಡೂವರೆ ಅಡಿ ಉದ್ದವಿದ್ದು, ಎಲ್ಲವೂ ಬಾಗಿಲಿನ ಕಡೆಗೆ ಬೆನ್ನು ಮಾಡಿದ ಹಾಗೆ ಒಂದೇ ರೀತಿ ಬಾಗಿವೆ. ನಮ್ಮ ಮನೆಗೆಲಸಕ್ಕೆ ಬರುವ ಅಕ್ಕ ಒಳಗಿನಿಂದ ಹಿಂದೆ ಹಿಂದೆ ಸರಿಯುತ್ತ ಬಾಗಿಲಿಗೆ ಬರುವುದೂ ಹಾಗೆಯೇ. ಅವರದು ತಪ್ಪೆಂದು ನಾನು ಹೇಳಲಾರೆ. ಕೆಳಗಿನ ರೆಡ್ ಆಕ್ಸೈಡ್ ನೆಲವನ್ನು ಹಾಗೆ ಒರೆಸಿ ಒರೆಸಿಯೇ ಅವರು ಕನ್ನಡಿಯಂತೆ ಇಟ್ಟಿದ್ದಾರೆ, ಮೇಲಿನ ನೆಲಕ್ಕೆ ಬೇರೆ ಕ್ರಮ ಬೇಕೆಂದು ನಾವೇ ತಿಳಿದಿರಲಿಲ್ಲ.

ಮರುದಿನ ಒರೆಸಿದ ನೀರನ್ನು ಚೆಲ್ಲದೆ ಒಂದು ಗಂಟೆ ಹಾಗೆಯೇ ಬಿಟ್ಟು, ಮೇಲಿನ ನೀರನ್ನು ಮೆಲ್ಲಗೆ ಬಗ್ಗಿಸಿ ತಳಕ್ಕೆ ಕೈಹಾಕಿ ನೋಡಿದೆ. ಎರಡು ಬೆರಳಿನ ನಡುವೆ ಉಜ್ಜಿದರೆ ಚರಚರ ಎನ್ನುವಷ್ಟು ಮರಳು ಇತ್ತು, ಒಂದು ಚಮಚ ತುಂಬುವಷ್ಟು. ಒಗೆದು ಒಣಗಿಸಿದ ಒರೆಸುವ ಬಟ್ಟೆಯನ್ನು ಬಿಳಿ ಕಾಗದದ ಮೇಲೆ ಕೊಡವಿದಾಗಲೂ ಹರಳುಗಳು ಉದುರಿದವು. ಚೊಕ್ಕಟವಾಗಿ ಗುಡಿಸಿಯೇ ಒರೆಸುತ್ತೇವೆ ಎಂದು ನಾನು ನಂಬಿದ್ದೆ. ಗುಡಿಸಿದ ಮೇಲೂ ಇಷ್ಟು ಉಳಿಯುವುದಾದರೆ ನಮ್ಮ ಗುಡಿಸುವಿಕೆಯಲ್ಲಿ ಏನೋ ಕೊರತೆಯಿದೆ ಎಂದಾಯಿತಲ್ಲವೇ? ಪೊರಕೆ ಯಾವುದಿರಬೇಕು?

ಕೊಪ್ಪದಿಂದ

ಪೊರಕೆಯ ಬಗ್ಗೆ ನಾನು ಹೇಳುತ್ತೇನೆ. ತೆಂಗಿನ ಕಡ್ಡಿಯ ಹಿಡಿಯನ್ನು ಮಹಡಿ ಹತ್ತಿಸಲೇಬಾರದು. ಅಂಗಳಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ, ಆದರೆ ಸವೆದು ಮೊಂಡಾದ ಕಡ್ಡಿಯ ತುದಿ ಹಲಗೆಯ ಮೇಲೆ ಮೊಳೆಯಂತೆ ಎಳೆಯುತ್ತದೆ. ಹುಲ್ಲಿನ ಪೊರಕೆ ಮೃದುವಾದದ್ದೇ, ಆದರೆ ಹೊಸದರಿಂದ ಹೂವಿನ ಪುಡಿ ವಾರಗಟ್ಟಲೆ ಉದುರುತ್ತದೆ. ಹೊಸ ಪೊರಕೆಯನ್ನು ಮೊದಲು ಕೆಳಗಿನ ಮನೆಗೆ ಬಳಸಿ, ಪುಡಿ ನಿಂತ ಮೇಲೆ ಮೇಲಕ್ಕೆ ಒಯ್ಯಿರಿ. ಅಂಗಳ ಗುಡಿಸಿದ ಪೊರಕೆಯಿಂದಲೇ ಕೋಣೆ ಗುಡಿಸುವುದಂತೂ ಮರಳನ್ನು ನಾವೇ ಹೊತ್ತು ತಂದಂತೆ. ಮಹಡಿಗೆಂದೇ ಒಂದು ಪೊರಕೆಯನ್ನು ಬಾಗಿಲ ಹಿಂದೆ ನೇತುಹಾಕುವುದು ಮೇಲು.

ಆದರೂ ಪೊರಕೆ ಹಲಗೆಗಳ ಸಂದಿಯಲ್ಲಿರುವುದನ್ನು ಎತ್ತುವುದಿಲ್ಲ, ಅಲ್ಲಿಗೆ ಇನ್ನಷ್ಟು ತುಂಬುತ್ತದೆ. ನಮ್ಮ ಕಡೆ ಶಿವರಾತ್ರಿಯ ಹೊತ್ತಿಗೆ ಹಲಗೆಗಳು ಒಣಗಿ ಸಂದಿಗಳು ಬಾಯಿ ಬಿಡುತ್ತವೆ, ಮಳೆ ಹಿಡಿದ ಮೇಲೆ ಉಬ್ಬಿ ಮುಚ್ಚಿಕೊಳ್ಳುತ್ತವೆ. ಬೇಸಿಗೆಯಲ್ಲಿ ಸಂದಿಗೆ ಇಳಿದ ಮಣ್ಣು ಮಳೆಗಾಲದಲ್ಲಿ ಹಲಗೆ ಉಬ್ಬಿದಾಗ ಮೇಲಕ್ಕೆ ಬರುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಆದ್ದರಿಂದ ಮುಂಗಾರಿಗೆ ಮೊದಲು ಒಮ್ಮೆಯಾದರೂ ಧೂಳೆಳೆಯುವ ಯಂತ್ರದ ಚಪ್ಪಟೆ ಮೂತಿಯಿಂದ ಪ್ರತಿ ಸಂದಿಯನ್ನೂ ಎಳೆಸಬೇಕು. ಯಂತ್ರದಲ್ಲಿ ಗಿರಗಿರನೆ ತಿರುಗುವ ಬ್ರಷ್ ಇದ್ದರೆ ಅದನ್ನು ನಿಲ್ಲಿಸಿ, ಕೂದಲಿನ ಮೃದು ಬ್ರಷ್ಷಿನ ಮೂತಿಯನ್ನೇ ಹಾಕಿಕೊಳ್ಳಿ. ಯಂತ್ರದ ಚಕ್ರಗಳನ್ನೂ ತಿರುವಿ ನೋಡಿ. ನಮ್ಮದರ ಚಕ್ರದಲ್ಲಿ ಹರಳೊಂದು ಕೂತು ಹಾಲಿನುದ್ದಕ್ಕೂ ಒಂದೇ ಗೆರೆ ಎಳೆದುಬಿಟ್ಟಿತ್ತು.

ಬಾಳೆಹೊನ್ನೂರಿನಿಂದ

ಈವರೆಗಿನ ಮಾತೆಲ್ಲ ಪಿಯು ನೆಲಕ್ಕೆ ಸರಿ. ಆದರೆ ಇದನ್ನು ಓದುವ ಬೇರೆಯವರ ಮನೆಯಲ್ಲಿ ಹಳೆಯ ಫ್ರೆಂಚ್ ಪಾಲಿಶ್ ಅಥವಾ ಮೇಣದ ನೆಲವಿದ್ದರೆ ಅದನ್ನೇ ಮಾಡಿ ಕೆಡಿಸಿಕೊಳ್ಳಬಾರದೆಂದು ಬರೆಯುತ್ತಿದ್ದೇನೆ. ನಮ್ಮದು ಅಂತಹ ನೆಲ.

ತಮ್ಮ ನೆಲ ಯಾವುದೆಂದು ತಿಳಿಯಲು ಮಂಚದ ಕೆಳಗೆ, ಕಾಣದ ಮೂಲೆಯಲ್ಲಿ ಎರಡು ಹನಿ ನೀರು ಬಿಟ್ಟು ಹತ್ತು ನಿಮಿಷ ಕಾಯಿರಿ. ನೀರು ಮುತ್ತಿನಂತೆ ಹಾಗೆಯೇ ನಿಂತಿದ್ದರೆ ಮೇಲೆ ಗಟ್ಟಿ ಪೊರೆ ಇದೆ. ಬಿಳಿ ಕಲೆ ಮೂಡಿದರೆ ಮೇಣವೋ ಅರಗೋ ಇದೆ. ಮರ ನೀರನ್ನು ಕುಡಿದು ಕಪ್ಪಾದರೆ ಪೊರೆ ಸವೆದುಹೋಗಿದೆ, ಅಥವಾ ನೆಲಕ್ಕೆ ಎಣ್ಣೆ ಮಾತ್ರ ಕೊಟ್ಟಿದ್ದಾರೆ. ಹತ್ತಿಗೆ ಸ್ವಲ್ಪ ಸ್ಪಿರಿಟ್ ಅದ್ದಿ ಅಲ್ಲಿಯೇ ಒತ್ತಿದಾಗ ಅಂಟಂಟಾದರೆ ಅದು ಅರಗಿನ ಫ್ರೆಂಚ್ ಪಾಲಿಶ್. ಟರ್ಪೆಂಟೈನ್ ಅದ್ದಿದ ಬಿಳಿ ಬಟ್ಟೆಗೆ ಹಳದಿ ಜಿಡ್ಡು ಹತ್ತಿದರೆ ಮೇಣ.

ಮೇಣದ ನೆಲವನ್ನು ನೀರಿನಿಂದ ಒರೆಸುವುದೇ ಬೇಡ. ಒಣಧೂಳು ತೆಗೆದು, ಉಣ್ಣೆಯ ಅಥವಾ ಹಳೆಯ ಮೆತ್ತನೆಯ ಹತ್ತಿ ಬಟ್ಟೆಯಿಂದ ಉಜ್ಜಿದರೆ ಹೊಳಪು ತಾನಾಗಿ ಏಳುತ್ತದೆ. ವರ್ಷಕ್ಕೊಮ್ಮೆ ಹೊಸ ಮೇಣ ತೆಳುವಾಗಿ ಹಚ್ಚಿದರಾಯಿತು. ನನ್ನ ತಾಯಿ ಕೊನೆಯವರೆಗೂ ಹಾಗೆಯೇ ಮಾಡುತ್ತಿದ್ದರು. ಅವರ ಕೋಣೆಯ ನೆಲದಲ್ಲಿ ಗೀರುಗಳಿಲ್ಲವೆಂದಲ್ಲ, ಆದರೆ ಪ್ರತಿ ವರ್ಷದ ಮೇಣ ಅವುಗಳನ್ನು ತುಂಬಿ ಮುಚ್ಚಿದೆ. ಗೀರಿನ ಮಟ್ಟಿಗೆ ಮೇಣದ ನೆಲ ಪಿಯುಗಿಂತ ಸಹನೆಯುಳ್ಳದ್ದು ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಒಂದು ಎಚ್ಚರಿಕೆಯ ಮಾತು ಅಗಸೆ ಎಣ್ಣೆ ಬಳಸುವವರಿಗೆ. ಆ ಎಣ್ಣೆ ಹಚ್ಚಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಗಾಳಿಯೊಡನೆ ಸೇರಿ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ, ಉಂಡೆಯೊಳಗೆ ಆ ಬಿಸಿ ಹೊರಹೋಗಲು ದಾರಿಯಿಲ್ಲದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಅಂಗಳದಲ್ಲಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿ. ಕೆಳಗೆ ತೊಲೆ, ಮೇಲೆ ಹಲಗೆ ಇರುವ ಮನೆಯಲ್ಲಿ ಈ ವಿಷಯದಲ್ಲಿ ಅಜಾಗ್ರತೆ ಸಲ್ಲದು.

ಹಾಸನದಿಂದ

ಬಾಳೆಹೊನ್ನೂರಿನವರು ಹೇಳಿದ ಪರೀಕ್ಷೆಗೆಂದು ಮೂಲೆಯ ಪಟ್ಟಿಯನ್ನು ಎತ್ತಿ ನೋಡಿದೆ. ಅಂಚಿನಲ್ಲಿ ಮರದ ಎಳೆಯೇ ಇಲ್ಲ. ಒತ್ತಿದ ಪುಡಿಯ ಹಲಗೆ, ಮೇಲೆ ಮರದ ಚಿತ್ರವಿರುವ ಹಾಳೆ. ಅಂದರೆ ನಮ್ಮದು ಲ್ಯಾಮಿನೇಟ್, ಮರವಲ್ಲ. ನಾನು ಕೊಟ್ಟ ಸಲಹೆ ತಮ್ಮ ನೆಲಕ್ಕೆ ಅನ್ವಯಿಸುವುದಿಲ್ಲ, ಪಾಲಿಶ್ ಮಾಡಿದವರ ಬಗ್ಗೆ ಬರೆದ ಮಾತನ್ನೂ ಹಿಂತೆಗೆದುಕೊಳ್ಳುತ್ತೇನೆ. ದಯವಿಟ್ಟು ಕ್ಷಮಿಸಬೇಕು.

ಮೂಡಿಗೆರೆಯಿಂದ

ಕ್ಷಮೆಯ ಮಾತೇಕೆ, ತಾವು ಪರೀಕ್ಷಿಸಿ ಹೇಳಿದ್ದರಿಂದ ಎಲ್ಲರಿಗೂ ಉಪಕಾರವಾಯಿತು. ಲ್ಯಾಮಿನೇಟಿನ ಮೇಲ್ಪದರದಲ್ಲಿ ಅಲ್ಯೂಮಿನಿಯಂ ಆಕ್ಸೈಡಿನ ಕಣಗಳಿರುತ್ತವೆ. ಅವು ಬೆಣಚಿಗಿಂತಲೂ ಗಟ್ಟಿ. ತಮ್ಮ ನೆಲಕ್ಕೆ ಗೀರು ಬೀಳದಿರುವುದಕ್ಕೆ ಅದು ಕಾರಣವೇ ಹೊರತು ವಿನೆಗರ್ ಅಲ್ಲ.

ವಿನೆಗರ್ ಎಂದರೆ ಆಮ್ಲ. ಅದು ಮರಳನ್ನೂ ಕರಗಿಸದು, ಎಣ್ಣೆಯ ಜಿಡ್ಡನ್ನೂ ತೆಗೆಯದು, ದಿನವೂ ಹಾಕುತ್ತ ಹೋದರೆ ಪೊರೆಯ ಹೊಳಪನ್ನು ಮಾತ್ರ ಕುಂದಿಸುತ್ತದೆ. ಫಿನೈಲ್ ಕೂಡ ಬೇಡ. ನೆಲದ ಮೇಲೆ ತೆಳುವಾದ ಜಿಡ್ಡುಪದರ ಬಿಡುತ್ತದೆ, ಧೂಳು ಅದಕ್ಕೆ ಅಂಟುತ್ತದೆ. ಪಿಯು ತಯಾರಿಸಿದವರೇ ಹೇಳಿರುವ, ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ಕ್ಲೀನರ್ ಸಿಕ್ಕಿದರೆ ಅದೇ ಉತ್ತಮ. ಸಿಗದಿದ್ದರೆ ಐದು ಲೀಟರ್ ನೀರಿಗೆ ಸೌಮ್ಯವಾದ ಲಿಕ್ವಿಡ್ ಸೋಪು ನಾಲ್ಕೈದು ಹನಿ, ನಂತರ ಬರೀ ನೀರಿನಲ್ಲಿ ಹಿಂಡಿದ ಇನ್ನೊಂದು ಬಟ್ಟೆ.

ಚಿಕ್ಕಮಗಳೂರಿನಿಂದ

ಹಬೆಯ ಮಾಪ್ ಬಗ್ಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತೇನೆ. ಅದನ್ನು ಕೊಳ್ಳಬೇಡಿ. ಅಮೆರಿಕದ ನ್ಯಾಷನಲ್ ವುಡ್ ಫ್ಲೋರಿಂಗ್ ಅಸೋಸಿಯೇಷನ್ ಮರದ ನೆಲಕ್ಕೆ ಹಬೆಯ ಮಾಪ್ ಮತ್ತು ನೀರು ಸುರಿಯುವ ಮಾಪ್ ಎರಡನ್ನೂ ಬಳಸಬಾರದೆಂದೇ ಹೇಳುತ್ತದೆ. ಬಿಸಿ ಹಬೆ ಹಲಗೆಯ ಸಂದಿಯಲ್ಲಿ, ಪೊರೆಯ ಬಿರುಕುಗಳಲ್ಲಿ ನೀರಿಗಿಂತ ಸುಲಭವಾಗಿ ನುಗ್ಗುತ್ತದೆ. ಪೊರೆ ಬಿಳಿಚಿಕೊಂಡು ಏಳತೊಡಗಿದರೆ ಮತ್ತೆ ಕೂಡಿಸಲು ಬರುವುದಿಲ್ಲ.

ನಮ್ಮ ಕಡೆಗೆ ಈ ಎಚ್ಚರಿಕೆ ಇನ್ನೂ ಹೆಚ್ಚು ಸಲ್ಲುತ್ತದೆ. ಆ ಸಂಸ್ಥೆಯವರು ಮನೆಯೊಳಗಿನ ಗಾಳಿಯ ತೇವ ಶೇ 30ರಿಂದ 50ರ ನಡುವೆ ಇರಲಿ ಎನ್ನುತ್ತಾರೆ. ಜುಲೈ ತಿಂಗಳಲ್ಲಿ ಬಟ್ಟೆ ವಾರವಾದರೂ ಒಣಗದ ನಮ್ಮೂರುಗಳಲ್ಲಿ ಅದು ಸಾಧ್ಯವಾಗುವ ಮಾತಲ್ಲ. ಗಾಳಿಯ ತೇವ ಶೇ 50 ಇದ್ದಾಗ ಮರದೊಳಗಿನ ನೀರಿನ ಅಂಶ ಸುಮಾರು ಶೇ 9ಕ್ಕೆ ನಿಲ್ಲುತ್ತದೆ, ಶೇ 80ಕ್ಕೆ ಏರಿದರೆ ಸುಮಾರು ಶೇ 16ಕ್ಕೆ. ನಾವು ಒಂದು ಹನಿ ನೀರು ಹಾಕದೆಯೂ ಹಲಗೆ ಅಷ್ಟನ್ನು ಗಾಳಿಯಿಂದಲೇ ಕುಡಿದು ಅಗಲಕ್ಕೆ ಉಬ್ಬಿರುತ್ತದೆ. ಅದರ ಮೇಲೆ ಬಕೆಟ್ ನೀರನ್ನೋ ಹಬೆಯನ್ನೋ ಕೊಟ್ಟರೆ ಅಂಚುಗಳು ಮೇಲೆದ್ದು ಹಲಗೆ ದೋಣಿಯಂತಾಗುತ್ತದೆ, ಆಗ ಎದ್ದ ಅಂಚುಗಳಲ್ಲಿಯೇ ಮೊದಲು ಪೊರೆ ಸವೆಯುತ್ತದೆ. ಮಳೆಗಾಲದಲ್ಲಿ ಒರೆಸಲೇಬೇಕಾದರೆ ಮಧ್ಯಾಹ್ನ, ಕಿಟಕಿ ತೆರೆದು, ಫ್ಯಾನ್ ಹಾಕಿ ಒರೆಸಿ. ಸಂಜೆ ಬೇಡ.

ಮೈಕ್ರೋಫೈಬರ್ ಬಟ್ಟೆಯನ್ನು ಹತ್ತಿ ಬಟ್ಟೆಗಳೊಂದಿಗೆ ಒಗೆಯಬೇಡಿ, ಹತ್ತಿಯ ನೂಲುಗಳೆಲ್ಲ ಅದಕ್ಕೆ ಮೆತ್ತಿಕೊಳ್ಳುತ್ತವೆ. ಬಟ್ಟೆ ಮೃದುವಾಗಿಸುವ ದ್ರವವನ್ನೂ ಹಾಕಬೇಡಿ. ಎಳೆಗಳಿಗೆ ಪದರ ಕಟ್ಟಿ ಧೂಳು ಹಿಡಿಯುವ ಗುಣವೇ ಹೋಗುತ್ತದೆ.

ಹಾನುಬಾಳಿನಿಂದ

ಎರಡು ತಿಂಗಳು ಕಳೆದ ಮೇಲೆ ಬರೆಯುತ್ತಿದ್ದೇನೆ. ದಿನಕ್ಕೊಮ್ಮೆ ಒಣ ಮಾಪ್, ವಾರಕ್ಕೊಮ್ಮೆ ಹಿಂಡಿದ ಬಟ್ಟೆ, ಇಷ್ಟೇ ಮಾಡುತ್ತಿದ್ದೇವೆ. ಅಕ್ಕನಿಗೆ ಬಕೆಟ್ಟಿನ ತಳದ ಮರಳನ್ನು ಕೈಯಲ್ಲಿ ಮುಟ್ಟಿಸಿ ತೋರಿಸಿದೆ. ಆ ಮೇಲೆ ನಾನು ಹೇಳಬೇಕಾದದ್ದೇನೂ ಉಳಿಯಲಿಲ್ಲ, ಈಗ ಮಕ್ಕಳು ಮಣ್ಣಿನ ಕಾಲಲ್ಲಿ ಬಂದರೆ ಅವರೇ ಮೆಟ್ಟಿಲಲ್ಲಿ ತಡೆಯುತ್ತಾರೆ. ಒರೆಸಿದ ನೀರನ್ನು ಈಗ ಬಸಿದು ನೋಡಿದರೆ ತಳ ಬೆರಳಿಗೆ ನುಣ್ಣಗೆ ಹತ್ತುತ್ತದೆ. ಮೆಟ್ಟಿಲ ಬುಡದಲ್ಲಿ ತೆಂಗಿನ ನಾರಿನ ಮ್ಯಾಟ್, ಮೇಲೆ ಹತ್ತಿದ ಕೂಡಲೇ ಹತ್ತಿಯ ಜಮಖಾನ ಹಾಕಿದ್ದೇವೆ. ಕಾಫಿ ಕೊಯ್ಲು ಶುರುವಾಗಿದ್ದು, ಕಣದಿಂದ ಬಂದವರೆಲ್ಲ ಕಾಲು ತೊಳೆದು ಒರೆಸಿಕೊಂಡೇ ಮೇಲೆ ಬರುತ್ತಾರೆ.

ಎರಡು ವಿಷಯ ಕೇಳಬೇಕಿದೆ. ಮಳೆಗಾಲದಲ್ಲಿ ಇಂಬಳ (ಜಿಗಣೆ) ಬಾರದಿರಲೆಂದು ಮಹಡಿಯ ಬಾಗಿಲ ಮೂಲೆಯಲ್ಲಿ ಉಪ್ಪಿನ ಬಟ್ಟಲು ಇಟ್ಟಿದ್ದೆವು. ಆ ಜಾಗದ ಹಲಗೆ ಈಗ ಕಪ್ಪಾಗಿದೆ. ಇನ್ನೊಂದು, ಈಗಾಗಲೇ ಬಿದ್ದಿರುವ ಗೀರುಗಳಿಗೆ ಅಂಗಡಿಯಲ್ಲಿ ಸಿಗುವ ಹೊಳಪಿನ ಪಾಲಿಶ್ ಹಚ್ಚಬಹುದೇ?

ಮೂಡಿಗೆರೆಯಿಂದ

ಹೊಳಪಿನ ಪಾಲಿಶ್ ಹಚ್ಚಬೇಡಿ, ಮೇಣವನ್ನೂ ಹಚ್ಚಬೇಡಿ. ಕೆಲವು ದಿನ ಚೆನ್ನಾಗಿ ಕಾಣುತ್ತದೆ, ಆದರೆ ಮುಂದೆ ಪಿಯು ಹೊಡೆಯಬೇಕಾದಾಗ ಹೊಸ ಕೋಟ್ ಆ ಜಿಡ್ಡಿನ ಮೇಲೆ ಹಿಡಿಯುವುದಿಲ್ಲ, ಆಗ ಮರದವರೆಗೂ ಉಜ್ಜಿಸಲೇಬೇಕಾಗುತ್ತದೆ. ಒಂದು ಗೀರಿನ ಮೇಲೆ ಉಗುರನ್ನು ಅಡ್ಡಲಾಗಿ ಎಳೆದು ನೋಡಿ. ಉಗುರು ತಡೆಯದಿದ್ದರೆ ಗೀರು ಪೊರೆಯಲ್ಲಿಯೇ ಇದೆ, ಮರಕ್ಕೆ ಇಳಿದಿಲ್ಲ. ಹಾಗಿದ್ದರೆ ಪೂರ್ತಿ ಉಜ್ಜಿಸುವ ಖರ್ಚು ಬೇಕಿಲ್ಲ. ಮೇಲ್ಮೈಯನ್ನು 220ರ ನಯವಾದ ಮರಳು ಕಾಗದದಿಂದ ಹಗುರವಾಗಿ ಉಜ್ಜಿ, ಧೂಳು ತೆಗೆದು, ಒಂದೇ ಕೋಟ್ ಪಿಯು ಹೊಡೆದರೆ ಗೀರುಗಳು ಮುಚ್ಚಿಹೋಗುತ್ತವೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಒಣಹವೆಯಲ್ಲಿ ಮಾಡಿಸಿ. ಕೋಟ್ ಪೂರ್ತಿ ಗಟ್ಟಿಯಾಗಲು ನೀರಿನ ಪಿಯುಗೆ ಸುಮಾರು ಒಂದು ವಾರ, ಎಣ್ಣೆಯ ಪಿಯುಗೆ ಒಂದು ತಿಂಗಳವರೆಗೂ ಬೇಕಾಗುವುದರಿಂದ, ಅಲ್ಲಿಯವರೆಗೆ ಜಮಖಾನ ಹಾಸಬೇಡಿ. ಮೇಜು ಮಂಚಗಳ ಕಾಲಿಗೆ ಫೆಲ್ಟಿನ ಬಿಲ್ಲೆ ಅಂಟಿಸಿ, ಆರು ತಿಂಗಳಿಗೊಮ್ಮೆ ಬದಲಿಸಿ. ಅದರಲ್ಲಿಯೂ ಮರಳು ಕೂರುತ್ತದೆ. ಬೆನ್ನಿಗೆ ರಬ್ಬರ್ ಇರುವ ಮ್ಯಾಟ್ ಮಾತ್ರ ಬೇಡ, ಅದರ ಕೆಳಗಿನ ನೆಲದ ಬಣ್ಣ ಕೆಡುತ್ತದೆ.

ಉಪ್ಪಿನ ಜಾಗದ ವಿಷಯ. ಉಪ್ಪು ಗಾಳಿಯ ತೇವವನ್ನು ಎಳೆದು ನೀರಾಗಿ ಬಟ್ಟಲಿನಿಂದ ಇಳಿದಿರಬೇಕು, ಅಲ್ಲಿ ಕಬ್ಬಿಣದ ಮೊಳೆಯೂ ಇರಬೇಕು. ತುಕ್ಕು ಮರದೊಳಗಿನ ಒಗರಿನೊಂದಿಗೆ ಸೇರಿದರೆ ಇಂತಹ ಕಪ್ಪು ಬರುತ್ತದೆ. ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬಿನಿಂದಾಗಲಿ ಸ್ಟೀಲ್ ನಾರಿನಿಂದಾಗಲಿ ತಿಕ್ಕಬೇಡಿ. ಮೊದಲನೆಯದು ಗೀರುತ್ತದೆ, ಎರಡನೆಯದರ ಚೂರುಗಳು ಉಳಿದು ಮತ್ತೆ ತುಕ್ಕು ಹಿಡಿಯುತ್ತವೆ. ಆ ಕಪ್ಪು ಆಕ್ಸಾಲಿಕ್ ಆಮ್ಲಕ್ಕೆ ಹೋಗುತ್ತದೆ, ಆದರೆ ಅದು ವಿಷ, ಪೊರೆ ತೆಗೆದ ಬರಿ ಮರಕ್ಕೆ ಮಾತ್ರ ಹಚ್ಚುವಂಥದ್ದು, ಕೈಗವಸು ಬೇಕು, ಮಕ್ಕಳನ್ನು ದೂರವಿಡಬೇಕು. ಮರು ಕೋಟ್ ಹೊಡೆಯುವ ದಿನ ಕೆಲಸದವರಿಂದಲೇ ಆ ಒಂದು ಹಲಗೆಗೆ ಮಾಡಿಸಿ. ಮುಂದಿನ ಮಳೆಗಾಲಕ್ಕೆ ಉಪ್ಪಿನ ಬಟ್ಟಲನ್ನು ಮೆಟ್ಟಿಲ ಕೆಳಗೆ, ಸಿಮೆಂಟ್ ನೆಲದ ಮೇಲೆಯೇ ಇಡಿ.